ಗುಣವೋ, ಆಕಸ್ಮಿಕವೋ?



ಬೈಲುಗದ್ದೆಗೆ ಹೊಸ ಗೊಬ್ಬರವನ್ನೂ ಬೆಟ್ಟುಗದ್ದೆಗೆ ಹಳೆಯದನ್ನೂ ಹಾಕಿ, ಬೈಲಿನಲ್ಲಿ ಬೆಳೆ ಹೆಚ್ಚಿತೆಂದು ಹೊಸ ಗೊಬ್ಬರವನ್ನು ಹೊಗಳಿದರೆ ನೀವು ಒಪ್ಪುವಿರಾ? ಒಪ್ಪಲಾರಿರಿ. ಹೋಲಿಕೆಯು ನ್ಯಾಯವಾಗಿರಬೇಕು. ಔಷಧಿಯ ವಿಷಯದಲ್ಲಿಯೂ ಇದೇ ನಿಯಮ.

ಹೆರಿಗೆಯಾದೊಡನೆ ಆಗುವ ಅಧಿಕ ರಕ್ತಸ್ರಾವವು ತಾಯಂದಿರ ಮರಣಕ್ಕೆ ಒಂದು ಮುಖ್ಯ ಕಾರಣ. ಇದನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಯು ನೆರವಾಗುವುದೇ ಎಂದು ನಮ್ಮ ರಾಜ್ಯದ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿಯೇ 2002ರಿಂದ 2005ರವರೆಗೆ ಪರೀಕ್ಷಿಸಲಾಯಿತು. ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವು ಇದರಲ್ಲಿ ಭಾಗಿಯಾಗಿತ್ತು.

ಒಪ್ಪಿಗೆಯಿತ್ತ 1,620 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. 812 ಮಂದಿಗೆ ಮಗು ಹುಟ್ಟಿದೊಡನೆ ಔಷಧಿಯ ಮಾತ್ರೆ. 808 ಮಂದಿಗೆ ನೋಡಲು ಅಂಥದೇ ಆದರೂ ಔಷಧಿಯಿಲ್ಲದ ಮಾತ್ರೆ. ಯಾರಿಗೆ ಯಾವುದು ಬಂದಿತೆಂಬುದು ತಾಯಿಗೂ ತಿಳಿಯದು, ಕೊಟ್ಟ ದಾದಿಗೂ ತಿಳಿಯದು. ಮುಖ್ಯವಾಗಿ ಅಳೆಯಬೇಕಾದುದು ಸೋರಿದ ರಕ್ತದ ಪ್ರಮಾಣ. ಕಣ್ಣಂದಾಜನ್ನು ನಂಬದೆ, ಅಳತೆಯ ಗೆರೆಗಳುಳ್ಳ ಪ್ಲಾಸ್ಟಿಕ್ ಚೀಲದಲ್ಲಿ ಅದನ್ನು ಹಿಡಿದರು. 500 ಮಿಲಿಲೀಟರು ಮುಟ್ಟಿದರೆ ಅಧಿಕ ಸ್ರಾವವೆಂದು ಎಣಿಸಿದರು.

ಲೆಕ್ಕ ಹಾಕುವಾಗ 'ಮಾತ್ರೆಯಿಂದ ಏನೂ ವ್ಯತ್ಯಾಸವಿಲ್ಲ' ಎಂಬ ಊಹೆಯಿಂದಲೇ ಆರಂಭಿಸುತ್ತಾರೆ. ಆ ಊಹೆ ನಿಜವಾದರೆ ಎರಡು ಗುಂಪುಗಳೂ ಹೆಚ್ಚುಕಡಿಮೆ ಸಮನಾಗಿರಬೇಕು. ಆದರೆ ಔಷಧಿಯಿಲ್ಲದವರಲ್ಲಿ ನೂರಕ್ಕೆ 12 ಮಂದಿಗೂ ಔಷಧಿ ಪಡೆದವರಲ್ಲಿ ನೂರಕ್ಕೆ 6.4 ಮಂದಿಗೂ ಅಧಿಕ ಸ್ರಾವವಾಯಿತು. ಗುಣವಿಲ್ಲದ ಮಾತ್ರೆಯಿಂದ, ಕೇವಲ ಚೀಟಿಯ ಅದೃಷ್ಟದಿಂದ, ಇಷ್ಟು ಅಂತರ ಬರುವ ಸಂಭವವು ಹತ್ತು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಇದು ನೂರಕ್ಕೆ ಐದಕ್ಕಿಂತ ಕಡಿಮೆಯಿದ್ದರೇ ಮೊದಲಿನ ಊಹೆಯನ್ನು ಕೈಬಿಡುವುದು ವಾಡಿಕೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಬಳಕೆಗಾಗಿ ಮಾತ್ರೆಯನ್ನು ಅವಶ್ಯಕ ಔಷಧಿಗಳ ಪಟ್ಟಿಗೆ ಸೇರಿಸಿತು.

ಎರಡು ಮಾತುಗಳನ್ನು ಮರೆಯದಿರಿ. ಈ ಮಾತ್ರೆಯನ್ನು ಗರ್ಭಿಣಿಯು ತಾನಾಗಿಯೇ ಸೇವಿಸಿದರೆ ಅಪಾಯ. ಇದನ್ನು ತರಬೇತಿ ಪಡೆದವರೇ ಕೊಡಬೇಕು. ಮಾತ್ರೆ ಪಡೆದವರಲ್ಲಿಯೂ ಕೆಲವರಿಗೆ ಅಧಿಕ ಸ್ರಾವವಾಯಿತೆಂಬುದನ್ನು ಗಮನಿಸಿರಿ. ಆದುದರಿಂದ ಆಸ್ಪತ್ರೆಯ ಹೆರಿಗೆಯೇ ಕ್ಷೇಮ. ಅಲ್ಲಿ ಚುಚ್ಚುಮದ್ದು, ರಕ್ತ, ವೈದ್ಯರ ನೆರವು ದೊರೆಯುವುದು. ಗಂಡಂದಿರೇ, ವಾಹನದ ಏರ್ಪಾಡನ್ನು ದಿನ ತುಂಬುವ ಮೊದಲೇ ಮಾಡಿರಿ. ತುರ್ತಿಗೆ 108ಕ್ಕೆ ಕರೆಮಾಡಿರಿ.

ನೆರೆಮನೆಯವರ ಅನುಭವವನ್ನು ಆದರದಿಂದ ಕೇಳಿರಿ. ಆದರೆ ಔಷಧಿಯನ್ನು ನಂಬುವ ಮುನ್ನ 'ಎಷ್ಟು ಜನರಲ್ಲಿ, ಯಾರೊಡನೆ ಹೋಲಿಸಿ ನೋಡಿದರು?' ಎಂದು ಕೇಳಿರಿ. ತಾಯಿಯ ಜೀವ ಉಳಿದರೆ ಮನೆಯೇ ಉಳಿದಂತೆ.