ಬಲವಂತನಿಗೆ ಹಾಕಿದ ಮೂಗುದಾರ: ಗೋವಿನ ಪಾವಿತ್ರ್ಯದ ಒಂದು ಅರ್ಥ



ಬೆಂಗಳೂರಿನ ದೊಮ್ಮಲೂರಿನಲ್ಲಿ ನಿಂತು ಗೋವಿನ ಪಾವಿತ್ರ್ಯದ ಬಗ್ಗೆ ಮಾತನಾಡುವವರು ಪುರಾಣಕ್ಕೆ ಹೋಗುವ ಮೊದಲು ಇಲ್ಲಿನ ಚೊಕ್ಕನಾಥಸ್ವಾಮಿ ದೇವಾಲಯದ ಕಲ್ಲುಗಳ ಮುಂದೆ ನಿಲ್ಲಬೇಕು. ಹೊಯ್ಸಳ ವೀರ ರಾಮನಾಥನ ಕಾಲದ, ಅಂದರೆ 13ನೆಯ ಶತಮಾನದ ತಮಿಳು ಶಾಸನಗಳು ಇಲ್ಲಿವೆ. ಊರಿನ ಹುಟ್ಟುವಳಿಯನ್ನು ದೇವರಿಗೆ ಬಿಟ್ಟುಕೊಟ್ಟ ದಾಖಲೆಗಳು ಅವುಗಳಲ್ಲಿವೆ. ಈ ಸೀಮೆಯ ದಾನಶಾಸನಗಳು, ಕನ್ನಡದವಾಗಲಿ ತಮಿಳಿನವಾಗಲಿ, ಎಷ್ಟೋ ಸಲ ಮುಗಿಯುವುದು ಒಂದು ಶಾಪದಿಂದ: ಈ ಧರ್ಮಕ್ಕೆ ತಪ್ಪಿದವನು ಗಂಗೆಯ ತಡಿಯಲ್ಲಿ ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಕನ್ನಡ ನಾಡಿನ ಅನೇಕ ದಾನದ ಕಲ್ಲುಗಳ ನೆತ್ತಿಯಲ್ಲಿ ಸೂರ್ಯ ಚಂದ್ರರು, ಲಿಂಗ, ಪಕ್ಕದಲ್ಲಿ ಕರುವಿಗೆ ಹಾಲೂಡಿಸುವ ಹಸು. ಅಕ್ಷರ ಬಾರದವನಿಗೂ ಆ ಮಾತು ಮುಟ್ಟಲಿ ಎಂಬಂತೆ. ಈ ಶಾಪ ಯಾರನ್ನು ಕುರಿತದ್ದು? ಉಳುವವನನ್ನಂತೂ ಅಲ್ಲ. ಕೊಟ್ಟದ್ದನ್ನು ಕಿತ್ತುಕೊಳ್ಳುವ ತಾಕತ್ತು ಇದ್ದದ್ದು ಮುಂದೆ ಬರುವ ಅರಸನಿಗೆ, ಅವನ ಅಧಿಕಾರಿಗೆ. ನನ್ನ ವಾದ ಇಷ್ಟೇ: ನಮ್ಮ ಪರಂಪರೆಯಲ್ಲಿ ಗೋವಿನ ಪಾವಿತ್ರ್ಯವೆಂಬುದು ಬಲವಂತನಿಗೆ ಹಾಕಿದ ಮೂಗುದಾರ.

ಪುರಾಣಗಳನ್ನು ಈ ಕಣ್ಣಿನಿಂದ ಓದಿ ನೋಡಿ. ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರ ಇನ್ನೂ ಅರಸ. ವಸಿಷ್ಠರ ಹಸು ಶಬಲೆಯನ್ನು ಕೇಳಿ, ಕೊಡದಿದ್ದಾಗ ಎಳೆದೊಯ್ಯಲು ಹೊರಟು, ಸೇನೆಯನ್ನೂ ಮಾನವನ್ನೂ ಕಳೆದುಕೊಳ್ಳುತ್ತಾನೆ. ಜಮದಗ್ನಿಯ ಹೋಮಧೇನುವಿಗೆ ಕೈಹಾಕಿದ ಕಾರ್ತವೀರ್ಯನಿಗೆ ಸಾವಿರ ತೋಳುಗಳಿದ್ದೂ ಪರಶುರಾಮನ ಕೊಡಲಿಯಿಂದ ಉಳಿಗಾಲವಿಲ್ಲ. ಭೂಮಿ ಗೋರೂಪ ತಾಳಿ ಓಡಿದಾಗ ಬಿಲ್ಲು ಹಿಡಿದು ಬೆನ್ನಟ್ಟಿದ ಪೃಥು, ಕೊನೆಗೆ ಬಿಲ್ಲನ್ನಿಳಿಸಿ ಹಾಲು ಕರೆಯುವವನಾಗುತ್ತಾನೆ. ಕಾಳಿದಾಸನ ಅರಸ ದಿಲೀಪ ನಂದಿನಿ ಹಸುವಿನ ಬದಲು ತನ್ನ ಮೈಯನ್ನೇ ಸಿಂಹಕ್ಕೆ ಒಪ್ಪಿಸಲು ಸಿದ್ಧನಾಗುತ್ತಾನೆ. ವಿರಾಟನ ತುರುಗಳನ್ನು ಹಿಡಿಯಲು ಬಂದ ಕೌರವರು ಸೋತು ಮರಳುತ್ತಾರೆ. ಕಸಿದವನಿಗೆ ಕೇಡು, ಕಾದವನಿಗೆ ಕೀರ್ತಿ. ತುರುಗಳನ್ನು ಬಿಡಿಸಿಕೊಳ್ಳುತ್ತ ಸತ್ತ ಊರಿನ ಮನುಷ್ಯನಿಗೆ ವೀರಗಲ್ಲು ನೆಟ್ಟ ನಾಡು ಇದು. ತುರುಗೋಳ್ ಕಲ್ಲುಗಳಲ್ಲಿ ಕಾಣುವ ವೀರ ಹೆಚ್ಚಿನ ಸಲ ಸಾಮ್ರಾಟನಲ್ಲ. ಪುಣ್ಯಕೋಟಿಯ ಕಥೆ ಇದನ್ನು ಇನ್ನೂ ಮುಂದಕ್ಕೆ ಒಯ್ಯುತ್ತದೆ. ಅದನ್ನು ಹೋಲುವ ಪದ್ಮಪುರಾಣದ ನಂದೆಯ ಕಥೆಯಲ್ಲಿ ಹುಲಿ ಶಾಪಗ್ರಸ್ತ ಅರಸ, ಹಸುವಿನಿಂದ ಅವನಿಗೆ ವಿಮೋಚನೆ. ಪುಣ್ಯಕೋಟಿಯ ಕಥೆ ಹೇಳುವ ಕನ್ನಡದ ಗೋವಿನ ಹಾಡಿನಲ್ಲಿ ಶಾಪವೂ ಇಲ್ಲ, ಅರಸನೂ ಇಲ್ಲ. ಕೊಟ್ಟ ಮಾತಿಗೆ ತಿರುಗಿ ಬಂದ ಹಸುವನ್ನು ಕಂಡು ಹುಲಿ ತಾನಾಗಿ ನಾಚಿ ಪ್ರಾಣ ಬಿಡುತ್ತದೆ. ಹೊರಗಿನ ಕೊಡಲಿಯ ಕೆಲಸವನ್ನು ಇಲ್ಲಿ ಒಳಗಿನ ನಾಚಿಕೆ ಮಾಡುತ್ತದೆ.

ಇದಕ್ಕೆ ಆಕ್ಷೇಪಗಳಿವೆ. ಹಾಲು, ಗೊಬ್ಬರ, ಎತ್ತು ಕೊಡುವ ಪ್ರಾಣಿಯನ್ನು ರೈತ ಕಾಪಾಡಿಕೊಂಡ, ಪಾವಿತ್ರ್ಯ ಅದಕ್ಕೆ ತೊಡಿಸಿದ ಅಂಗಿ ಎನ್ನುವವರುಂಟು. ಉಪಯೋಗವೇ ಕಾರಣವಾಗಿದ್ದರೆ ಎಮ್ಮೆಗೂ ಆ ಪಟ್ಟ ಸಿಗಬೇಕಿತ್ತು. ಹಾಲು ಕೊಟ್ಟೂ ಗದ್ದೆ ಉತ್ತೂ ಆ ಕುಲಕ್ಕೆ ಸಿಕ್ಕಿದ್ದು ಮಾರಿಜಾತ್ರೆಯ ಕೋಣಬಲಿ. ವೇದಕಾಲದ ಯಜ್ಞದಲ್ಲಿಯೂ ಅತಿಥಿ ಸತ್ಕಾರದಲ್ಲಿಯೂ ಗೋವಧೆ ಇತ್ತಲ್ಲವೇ ಎಂಬುದು ಎರಡನೆಯದು. ಇತ್ತು, ಪಾಂಡುರಂಗ ವಾಮನ ಕಾಣೆಯವರು ಧರ್ಮಶಾಸ್ತ್ರದ ಇತಿಹಾಸದಲ್ಲಿ ಅದರ ಆಧಾರಗಳನ್ನು ಮುಚ್ಚುಮರೆಯಿಲ್ಲದೆ ಕೊಟ್ಟಿದ್ದಾರೆ. ಕಾಲಕ್ರಮದಲ್ಲಿ ಬೆಳೆದ ಮೌಲ್ಯ ಅನಾದಿಯಲ್ಲ ಎಂಬ ಕಾರಣಕ್ಕೆ ಹುಸಿಯಾಗುವುದಿಲ್ಲ. ಮೂರನೆಯದು ಹೆಚ್ಚು ಹರಿತ: ಶಾಸನದ ಶಾಪ ಕಾಪಾಡಿದ್ದು ದೇವಸ್ಥಾನ ಮತ್ತು ಅಗ್ರಹಾರಗಳ ಆಸ್ತಿಯನ್ನು, ಬಡವನನ್ನಲ್ಲ. ಇದರಲ್ಲಿ ಸತ್ಯವಿದೆ, ಒಪ್ಪಬೇಕು. ಆದರೆ ಆಸ್ತಿವಂತರು ಕೂಡ ಅರಸನ ದಂಡಿನ ಮುಂದೆ ನಿರಾಯುಧರು; ಆಗ ಅವರು ಮೊರೆಹೋದದ್ದು ಹಾಲೂಡಿಸುವ ಹಸುವಿನ ಚಿತ್ರಕ್ಕೆ. ಅಧಿಕಾರವನ್ನು ತಡೆಯಬಲ್ಲ ನೈತಿಕ ಶಕ್ತಿ ಅದಕ್ಕಿದೆ ಎಂದು ಎಲ್ಲರೂ ನಂಬಿದ್ದರಿಂದಲೇ ಆ ಚಿತ್ರ ಕೆಲಸ ಮಾಡಿತು.

ಈ ವಾದ ಸರಿಯಾದರೆ ಅದರ ಫಲಿತಾರ್ಥವನ್ನೂ ನಾವು ಒಪ್ಪಬೇಕಾಗುತ್ತದೆ. ಗೋವಿನ ಹೆಸರಿನಲ್ಲಿ ನಿಸ್ಸಹಾಯಕನೊಬ್ಬನನ್ನು ಬೀದಿಯಲ್ಲಿ ಹಿಡಿದು ಬಡಿಯುವವನು ಈ ಕಥೆಗಳಲ್ಲಿ ದಿಲೀಪನ ಜಾಗದಲ್ಲಿಲ್ಲ, ಕಾರ್ತವೀರ್ಯನ ಜಾಗದಲ್ಲಿದ್ದಾನೆ. ಹಾಲು ಕರೆದುಕೊಂಡು ಹಸುವನ್ನು ಕಸದ ರಾಶಿಗೆ ಅಟ್ಟಿ, ಅದು ಪ್ಲಾಸ್ಟಿಕ್ ತಿನ್ನುವುದನ್ನು ನೋಡುತ್ತ, ಸಂಕ್ರಾಂತಿಯ ದಿನ ಮಾತ್ರ ಕೋಡಿಗೆ ಬಣ್ಣ ಬಳಿಯುವವನೂ ಪೂಜೆಯ ಫಲಕ್ಕೆ ಹಕ್ಕುದಾರನಲ್ಲ. ಆದ್ದರಿಂದ ನನ್ನ ವಿನಂತಿ ಇಷ್ಟು: ಗೋವನ್ನು ಪವಿತ್ರವೆಂದು ನಂಬುವವರು ಆ ನಂಬಿಕೆಯ ಕಟ್ಟುಪಾಡನ್ನು ಮೊದಲು ತಮ್ಮ ಮೇಲೆ ಹಾಕಿಕೊಳ್ಳಲಿ, ಆಮೇಲೆ ಬೇರೆಯವರ ಮಾತು.