ದತ್ತು ಮಗುವಿಗೆ ಹಿಂದೊಂದು ಊರಿದೆ

ತಿ. ನರಸೀಪುರ ತಾಲ್ಲೂಕಿನ ತಲಕಾಡಿಗೆ ಯಾರೇ ನೆಂಟರು ಬರಲಿ, ಮರಳ ಮೇಲೆ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅಲಮೇಲಮ್ಮನ ಕಥೆ ಶುರುವಾಗುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡದ್ದು, ವಿಜಯನಗರದ ಪ್ರತಿನಿಧಿಯ ಮಡದಿಯಾದ ಆಕೆ ಒಡವೆಯ ಗಂಟು ಕಟ್ಟಿಕೊಂಡು ಕಾವೇರಿಗೆ ಹಾರಿದ್ದು, ಹಾರುವ ಮುನ್ನ ಮೈಸೂರು ದೊರೆಗಳಿಗೆ ಮಕ್ಕಳಾಗದಿರಲಿ ಎಂದು ಶಪಿಸಿದ್ದು. ಹೇಳುವವರು ಅಲ್ಲಿಗೆ ನಿಲ್ಲಿಸುತ್ತಾರೆ. ಆ ದೊರೆಗಳ ಮನೆಗೆ ದತ್ತು ಬಂದ ಮಕ್ಕಳ ಮಾತನ್ನು ಯಾರೂ ಎತ್ತುವುದಿಲ್ಲ.

1865ರಲ್ಲಿ ಹಾಗೆ ಬಂದ ಮಗುವಿಗೆ ಎರಡು ವರ್ಷ. ಅದನ್ನು ದತ್ತು ಪಡೆದ ಮುಮ್ಮಡಿ ಕೃಷ್ಣರಾಜ ಒಡೆಯರು ಆಗ ಎಪ್ಪತ್ತರ ಗಡಿ ದಾಟಿದ್ದರು. ದತ್ತಕವನ್ನು ಬ್ರಿಟಿಷರು ಮೊದಲು ಒಪ್ಪಲಿಲ್ಲ. ಪತ್ರಗಳು ಹಡಗು ಹತ್ತಿದವು, ಲಂಡನ್ನಿನಲ್ಲಿ ವಾದವಾಯಿತು, 1867ರಲ್ಲಿ ಒಪ್ಪಿಗೆ ಬಂತು. ಮರುವರ್ಷ ಹಿರಿಯರು ತೀರಿಕೊಂಡಾಗ ಐದು ವರ್ಷದ ಚಾಮರಾಜೇಂದ್ರರು ಪಟ್ಟವೇರಿದರು. 1881ರಲ್ಲಿ ಬ್ರಿಟಿಷರಿಂದ ರಾಜ್ಯ ಅವರ ಕೈಗೆ ಮರಳಿತು. ರಾಜ್ಯದ ಮಾತಿಗೆ ಕಡತ ಕಡತ ಕಾಗದ ಸಿಗುತ್ತದೆ. ಆ ಮಗು ಮೊದಲ ರಾತ್ರಿ ಯಾರನ್ನು ಕರೆದು ಅತ್ತಿತು ಎಂಬುದಕ್ಕೆ ಚರಿತ್ರೆಯ ಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲ.

ದತ್ತು ಎಂದರೆ ಈ ಸೀಮೆಯ ಕಿವಿಗೆ ಇಂದಿಗೂ ಮನೆತನ, ಆಸ್ತಿ, ಪಿಂಡ. ಮಗುವಿನ ಕಡೆಯಿಂದ ನೋಡಿದರೆ ಅದು ಬೇರೆಯೇ ಸಂಗತಿ. ಸಮುದ್ರದಾಚೆಯ ಮನೆಗೆ ಹೋಗುವ ಮಗುವಿನ ಬದುಕಿನಲ್ಲಿ ಅದು ಇನ್ನಷ್ಟು ಢಾಳಾಗಿ ಕಾಣುತ್ತದೆ.

ಒಂದು ಕಾಲದಲ್ಲಿ ಮೈಸೂರಿನ ಮಗುವಿಗೆ ಲಂಡನ್ನಿನ ಒಪ್ಪಿಗೆ ಬೇಕಿತ್ತು. ಈಗ ವಿದೇಶದ ಮನೆಗೆ ದೆಹಲಿಯ ಒಪ್ಪಿಗೆ ಬೇಕು. 1982ರಲ್ಲಿ ವಕೀಲ ಲಕ್ಷ್ಮೀಕಾಂತ್ ಪಾಂಡೆ ಸುಪ್ರೀಂ ಕೋರ್ಟಿಗೆ ಬರೆದ ಪತ್ರವೊಂದು 1984ರ ತೀರ್ಪಾಯಿತು. 1990ರಲ್ಲಿ ಕೇಂದ್ರ ದತ್ತು ಪ್ರಾಧಿಕಾರ ‘ಕಾರಾ’ ಹುಟ್ಟಿತು, 2003ರಲ್ಲಿ ಭಾರತ ಹೇಗ್ ಒಪ್ಪಂದವನ್ನು ಅನುಮೋದಿಸಿತು. 2022ರಿಂದ ದತ್ತು ಆದೇಶಕ್ಕೆ ಸಹಿ ಹಾಕುವವರು ನ್ಯಾಯಾಧೀಶರಲ್ಲ, ಜಿಲ್ಲಾಧಿಕಾರಿ. ಹೆತ್ತವರು ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಿದರೆ ಮನಸ್ಸು ಬದಲಿಸಲು 60 ದಿನ ಕಾಲಾವಕಾಶ ಇದೆ.

ಕಾಯುವವರಿಗೆ ಇದೆಲ್ಲ ವಿಪರೀತ ನಿಧಾನ. ಆದರೆ ನಂಜನಗೂಡು ಇದರ ಕಾರಣವನ್ನು ಹತ್ತಿರದಿಂದ ಕಂಡಿದೆ. 2016ರಲ್ಲಿ ಅಲ್ಲಿ ಮಗುವೊಂದು ಕಾಣೆಯಾದ ಪ್ರಕರಣದ ಜಾಡು ಹಿಡಿದ ಮೈಸೂರು ಜಿಲ್ಲೆಯ ಪೊಲೀಸರು ಮಕ್ಕಳ ಮಾರಾಟ ಜಾಲವೊಂದನ್ನು ಬಯಲಿಗೆಳೆದು 16 ಮಕ್ಕಳನ್ನು ರಕ್ಷಿಸಿದರು. ಮಕ್ಕಳಿಲ್ಲದ ದಂಪತಿಗಳಿಗೆ ಅವುಗಳನ್ನು ಹಣಕ್ಕೆ ಕೊಡಲಾಗಿತ್ತು. ಕೊಂಡ ಮನೆಯಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ. ಅಮ್ಮ ಎಂದು ಕರೆಯಲು ಕಲಿತ ಮಡಿಲಿನಿಂದ ಮಗುವನ್ನು ಪೊಲೀಸರು ಎತ್ತಿಕೊಂಡು ಹೋಗುವ ದಿನವೊಂದು ಅಂಥ ಮನೆಗೆ ಬರಬಹುದು. ಅಲ್ಲಿ ಮತ್ತೆ ಕಳೆದುಕೊಳ್ಳುವುದು ಮಗುವೇ.

ನಿಧಾನಕ್ಕೂ ಬೆಲೆಯಿದೆ, ಅದನ್ನು ತೆರುವುದೂ ಮಗುವೇ. 1990ರ ದಶಕದಲ್ಲಿ ರುಮೇನಿಯಾದಿಂದ ಬ್ರಿಟನ್ನಿನ ಮನೆಗಳಿಗೆ ದತ್ತು ಬಂದ 165 ಮಕ್ಕಳನ್ನು ಮೈಕೆಲ್ ರಟರ್ ಮತ್ತು ಸಂಗಡಿಗರು ಪ್ರಾಯಕ್ಕೆ ಬರುವವರೆಗೂ ಗಮನಿಸಿದರು. ಹೆಚ್ಚಿನವರು ಅನಾಥಾಲಯದಿಂದ ಬಂದವರು. ಆರು ತಿಂಗಳೊಳಗೆ ಅಲ್ಲಿಂದ ಹೊರಬಂದವರು ಉಳಿದ ಮಕ್ಕಳಂತೆಯೇ ಬೆಳೆದರು. ಹೆಚ್ಚು ಕಾಲ ಅಲ್ಲೇ ಉಳಿದವರಲ್ಲಿ ಅನೇಕರಿಗೆ ಗಮನ ನಿಲ್ಲದಿರುವುದು, ಬೆರೆಯಲಾಗದಿರುವುದು ದೊಡ್ಡವರಾದ ಮೇಲೂ ಬಿಡಲಿಲ್ಲ.

ಇನ್ನು ಮನೆಯೊಳಗಿನ ಮಾತು. ಶಿಶುಗೃಹದಲ್ಲಿ ಸಾಲು ತೊಟ್ಟಿಲುಗಳ ನಡುವೆ, ಆಯಾಳ ಬಳೆ ಸದ್ದಿನಲ್ಲಿ, ರಾತ್ರಿಯಿಡೀ ಉರಿಯುವ ದೀಪದಲ್ಲಿ ಮಲಗಿದ ಮಗು ಅದು. ವಿದೇಶದ ಮನೆಯಲ್ಲಿ ಅದಕ್ಕೆಂದೇ ಬಣ್ಣ ಬಳಿದ ಕೋಣೆ, ಮೆತ್ತನೆ ಹಾಸಿಗೆ, ಕತ್ತಲು, ಮೌನ. ತಂದೆತಾಯಿ ಪ್ರೀತಿಯಿಂದ ಸಜ್ಜು ಮಾಡಿದ ಆ ಕೋಣೆಯೇ ಮಗುವಿಗೆ ದಿಗಿಲು. ಕಡೆಗೆ ಕೋಣೆ ಖಾಲಿ ಬಿದ್ದು, ಮಗು ದೊಡ್ಡವರ ಮಂಚದ ಪಕ್ಕ ಚಾಪೆ ಮೇಲೆ ನಿದ್ದೆ ಹೋಗುತ್ತದೆ. ಊಟದ್ದೂ ಹೀಗೆಯೇ. ತಟ್ಟೆ ಬರಿದಾಗುವವರೆಗೂ ಎದ್ದೇಳುವುದಿಲ್ಲ, ರೊಟ್ಟಿ ಚೂರನ್ನು ದಿಂಬಿನಡಿ ಬಚ್ಚಿಡುತ್ತದೆ. ತಿಳಿದ ತಾಯಿ ಗದರುವುದಿಲ್ಲ; ಮಗುವಿನ ಕೈಗೆಟಕುವ ಕಡೆ ಬಾಳೆಹಣ್ಣಿನ ಬುಟ್ಟಿ ಇಟ್ಟು, ಅದು ಎಂದೂ ಖಾಲಿಯಾಗದಂತೆ ನೋಡಿಕೊಳ್ಳುತ್ತಾಳೆ. ಬಚ್ಚಿಡುವುದು ತಾನಾಗಿ ನಿಲ್ಲಲು ತಿಂಗಳುಗಳೇ ಬೇಕಾಗಬಹುದು.

ನುಡಿ ಬಹು ಬೇಗ ಹೋಗುತ್ತದೆ. ಮೂರರಿಂದ ಎಂಟು ವರ್ಷದೊಳಗೆ ಫ್ರಾನ್ಸಿಗೆ ದತ್ತು ಹೋದ ಕೊರಿಯಾದ ಎಂಟು ಮಂದಿಯನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ ಅವರಿಗೆ ಕೊರಿಯನ್ ಭಾಷೆ ಪೂರಾ ಹೊರಗಿನದಾಗಿತ್ತು; 2003ರಲ್ಲಿ ಪ್ರಕಟವಾದ ಅಧ್ಯಯನ ಅದು. ಆದರೆ 2014ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ಇನ್ನೊಂದನ್ನು ಕಂಡರು. ವರ್ಷದ ಆಸುಪಾಸಿನ ಕೂಸಾಗಿದ್ದಾಗಲೇ ಚೀನಾ ಬಿಟ್ಟು ಬಂದು, ಫ್ರೆಂಚ್ ಮಾತ್ರ ಆಡಿ ಬೆಳೆದ ಹುಡುಗಿಯರ ಮಿದುಳು ಚೀನೀ ಸ್ವರಗಳನ್ನು ಕೇಳಿದಾಗ ಆ ಭಾಷೆ ಬಲ್ಲವರ ಮಿದುಳಿನಂತೆಯೇ ಸ್ಪಂದಿಸಿತು. ಅವರಿಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ನಂಜನಗೂಡಿನ ಕಪಿಲೆಯ ದಂಡೆಯಲ್ಲಿ ಒಂದು ವರ್ಷ ಕನ್ನಡದ ಜೋಗುಳ ಕೇಳಿದ ಕಿವಿಯಲ್ಲೂ ಏನೋ ಉಳಿದಿರುತ್ತದೆ ಎಂದು ನಂಬಲು ಇಷ್ಟು ಸಾಕು.

ವಿದೇಶದಲ್ಲಿರುವ ಕನ್ನಡದ ಮನೆಗಳಿಗೆ ಈ ಒಂದು ಅನುಕೂಲವಿದೆ: ಮಗುವಿನ ನುಡಿ, ಸಾರಿನ ಒಗ್ಗರಣೆ ವಾಸನೆ ಕೈತಪ್ಪುವುದಿಲ್ಲ. ಅನಿವಾಸಿಗಳಿಗೆ ಕಾರಾ ಇಲ್ಲಿನವರಷ್ಟೇ ಆದ್ಯತೆ ಕೊಡುತ್ತದೆ. ಎಡವುವುದು ಇನ್ನೊಂದು ಕಡೆ. ತಂಗಿಯ ಮಗುವನ್ನು ಅಮೆರಿಕದ ಅಣ್ಣನ ಮಡಿಲಿಗೆ ಹಾಕಿ, ಉಪನೋಂದಣಿ ಕಚೇರಿಯಲ್ಲಿ ದತ್ತಕ ಪತ್ರ ಮಾಡಿಸಿದರೆ ಮುಗಿಯಿತು ಎಂದುಕೊಳ್ಳುವವರು ಇದ್ದಾರೆ. ಆ ಪತ್ರವೊಂದೇ ಇದ್ದರೆ ಮಗುವಿಗೆ ವೀಸಾ ಸಿಗುವುದಿಲ್ಲ. 1956ರ ಹಿಂದೂ ದತ್ತಕ ಕಾಯ್ದೆಯ ದತ್ತಕಕ್ಕೂ ಕಾರಾದ ಹಾದಿಯನ್ನು 2021ರಲ್ಲಿ ತೆರೆಯಲಾಗಿದೆ. ಆ ದಾರಿಯಲ್ಲೇ ಹೋಗಬೇಕು.

ಸತ್ಯವನ್ನು ಯಾವಾಗ ಹೇಳುವುದು? ಬಹಳ ಮನೆಗಳು ಮದುವೆಯವರೆಗೆ, ಕೆಲವು ಸಾವಿನವರೆಗೆ ಮುಚ್ಚಿಡುತ್ತವೆ. ಕರ್ಣನಿಗೆ ತಾನು ಯಾರ ಮಗನೆಂದು ತಿಳಿದದ್ದು ಯುದ್ಧದ ಹೊಸ್ತಿಲಲ್ಲಿ, ಹೇಳಿದ್ದು ಹೊರಗಿನವನು. ಅದಕ್ಕಿಂತ ಕ್ರೂರವಾದ ಗಳಿಗೆ ಇನ್ನೊಂದಿರಲಾರದು. ಖಾಂಡ್ವಾದ ಮನೆಯಿಂದ ಹೊರಟು, ತಪ್ಪು ರೈಲು ಹತ್ತಿ ಕಲ್ಕತ್ತಾ ಸೇರಿ, 1987ರಲ್ಲಿ ಟಾಸ್ಮೇನಿಯಾದ ಮನೆಗೆ ದತ್ತು ಹೋದ ಸರೂ ಬ್ರೈರ್ಲಿಯ ಮನೆಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಸಾಕಿದ ತಾಯಿ ಸೂ ಆತನ ಕೋಣೆಯ ಗೋಡೆಗೆ ಭಾರತದ ನಕ್ಷೆ ತೂಗುಹಾಕಿದ್ದರು. ಹುಡುಗ ಅದನ್ನು ನೋಡುತ್ತಲೇ ಬೆಳೆದ. 2012ರಲ್ಲಿ ಹೆತ್ತ ತಾಯಿಯನ್ನು ಹುಡುಕಿ ಬಂದ, ಸಾಕಿದ ತಾಯಿಯನ್ನು ಬಿಡಲಿಲ್ಲ.

ನಂಜನಗೂಡಿನ ಕಪಿಲೆ ತಿರುಮಕೂಡಲು ಸಂಗಮದಲ್ಲಿ ಸೇರಿದ ಮೇಲೆ ಹೊಳೆಗೆ ಕಾವೇರಿ ಎಂದೇ ಹೆಸರು. ನೀರಿಗೆ ಅದು ಸಲ್ಲುತ್ತದೆ. ಮಗುವಿನ ಹೆಸರನ್ನು ಹಾಗೆ ಅಳಿಸಬಾರದು. ಹೊಸ ಹೆಸರಿನ ಜೊತೆಗೆ ಹಳೆಯದೂ ಇರಲಿ, ಕೆಲವೊಮ್ಮೆ ಈ ನೆಲದಿಂದ ಮಗು ಒಯ್ಯುವುದು ಅಷ್ಟನ್ನೇ.

ಹದಿನೆಂಟು ತುಂಬಿದ ದತ್ತು ಮಕ್ಕಳು ತಮ್ಮ ಮೂಲ ತಿಳಿಯಲು ತಾವೇ ಅರ್ಜಿ ಹಾಕಬಹುದು ಎಂದು ಭಾರತದ ನಿಯಮ ಹೇಳುತ್ತದೆ. ಹೆತ್ತ ತಾಯಿಯ ಗುಟ್ಟನ್ನು ಕಾಯಲೇಬೇಕು. ಅದಕ್ಕೆ ಧಕ್ಕೆಯಾಗದಂತೆ ಹೇಳಬಹುದಾದದ್ದು ಎಷ್ಟೋ ಇರುತ್ತದೆ, ಯಾರಾದರೂ ಬರೆದಿಟ್ಟಿದ್ದರೆ. ಹಾಗೆ ಬರೆದಿಡುವುದು ತಾಲ್ಲೂಕು ಆಸ್ಪತ್ರೆಯ ನರ್ಸ್, ಅಂಗನವಾಡಿ ಕಾರ್ಯಕರ್ತೆ, ಪೊಲೀಸ್ ಪೇದೆಯ ಕೈಯಲ್ಲಿದೆ. ರಿಜಿಸ್ಟರಿನಲ್ಲಿ ‘ವಿವರ ಗೊತ್ತಿಲ್ಲ’ ಎಂದು ಗೀಟು ಎಳೆಯುವ ಮುನ್ನ ಮಗು ಸಿಕ್ಕ ಜಾಗ, ಹೊತ್ತು, ಅಂದು ಮಳೆ ಬರುತ್ತಿತ್ತೇ, ಸುತ್ತಿದ್ದ ಸೀರೆ ತುಂಡಿನ ಬಣ್ಣ ಯಾವುದು, ಯಾರ ಕೈಗೆ ಹೋದಾಗ ಅಳು ನಿಲ್ಲಿಸಿತು ಎಂದು ನಾಲ್ಕು ಸಾಲು ಬರೆಯಲು ಐದು ನಿಮಿಷ ಸಾಕು. ಇಪ್ಪತ್ತು ವರ್ಷದ ಮೇಲೆ ಯಾರೋ ಒಬ್ಬಳು ಮೈಸೂರಿಗೆ ಬಂದಿಳಿದು, ಓದಲು ಬಾರದ ಆ ಕನ್ನಡದ ನಾಲ್ಕು ಸಾಲನ್ನು ಬೆರಳಿನಿಂದ ಮುಟ್ಟಿ, ಇದರಲ್ಲಿ ಏನಿದೆ ಓದಿ ಹೇಳಿ ಎಂದು ಕೇಳುತ್ತಾಳೆ.