ಸಿಹಿಮೂತ್ರ ರೋಗವೂ ಮಿದುಳಿನ ರಕ್ತಸಂಚಾರವೂ
(ಶಾಲೆಯ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಸಕ್ಕರೆ ಕಾಯಿಲೆ ಪಟ್ಟಣದ ಸಿರಿವಂತರದು, ಬೆಟ್ಟದ ಮೇಲೆ ಹೊಲ ಗೇಯುವ ನಮಗೇಕೆ ಬಂದೀತು ಎಂಬ ಮಾತು ತಾಳವಾಡಿಯ ಸೀಮೆಯಲ್ಲಿ ಇನ್ನೂ ಕೇಳಿಬರುವುದುಂಟು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯಂತೆ ದೇಶದಲ್ಲಿ ಈ ರೋಗವುಳ್ಳವರು 10 ಕೋಟಿಗೂ ಹೆಚ್ಚು; ಅವರಲ್ಲಿ ಹಳ್ಳಿಗರೂ ಬಹುಮಂದಿ. ಇದು ಕಣ್ಣನ್ನು, ಮೂತ್ರಪಿಂಡವನ್ನು, ಕಾಲನ್ನು ಕೆಡಿಸುವುದೆಂಬುದು ತಮಗೆ ವಿದಿತವೇ ಆಗಿದೆ. ಮಿದುಳಿನ ಸಂಗತಿಯನ್ನು ಆಡುವವರು ವಿರಳ. ಆದುದರಿಂದ ಈ ದಿನ ಅದನ್ನೇ ಆರಿಸಿಕೊಂಡಿದ್ದೇವೆ.

ಮಿದುಳಿನ ತೂಕ ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಅದಕ್ಕೇ ಬೇಕು. ಕೂಡಿಟ್ಟುಕೊಳ್ಳಲು ಅದಕ್ಕೆ ಕಣಜವಿಲ್ಲ; ಕ್ಷಣಕ್ಷಣವೂ ರಕ್ತ ಹರಿದು ಬರಬೇಕು. ಕೊರಳಿನ ಮುಂದೆ ಎರಡು, ಹಿಂದೆ ಎರಡು, ಹೀಗೆ ನಾಲ್ಕು ಧಮನಿಗಳಿಂದ ಬರುವ ರಕ್ತಮಾರ್ಗ ಮಿದುಳಿನ ಬುಡದಲ್ಲಿ ಬಳೆಯಂತೆ ಕೂಡಿಕೊಳ್ಳುತ್ತದೆ. ಈ ಬಳೆಯನ್ನು 1664ರಲ್ಲಿ ವರ್ಣಿಸಿದ ಆಂಗ್ಲ ವೈದ್ಯ ಥಾಮಸ್ ವಿಲ್ಲಿಸನೇ ಮುಂದೆ ಈ ರೋಗಿಗಳ ಮೂತ್ರ ಸಿಹಿಯೆಂದೂ ಬರೆದನೆಂಬುದು ಸ್ವಾರಸ್ಯದ ಸಂಗತಿ. ನಮ್ಮ ಆಯುರ್ವೇದದವರಂತೂ ಶತಮಾನಗಳ ಮೊದಲೇ ಮಧುಮೇಹವೆಂದು ಹೆಸರಿಟ್ಟಿದ್ದರು.

ಕೋಸು, ಆಲೂಗಡ್ಡೆಯ ಹೊಲದಲ್ಲಿ ಹನಿ ನೀರಾವರಿಯ ಕೊಳವೆಗಳನ್ನು ತಾವು ಕಂಡಿದ್ದೀರಿ. ಗಡಸು ನೀರು ಹರಿದು ಹರಿದು ಉಪ್ಪು ಕಟ್ಟಿದರೆ ಸಣ್ಣ ತೂತುಗಳೇ ಮೊದಲು ಮುಚ್ಚುತ್ತವೆ. ಆದರೆ ಈ ಹೋಲಿಕೆ ಅರ್ಧ ದಾರಿಗೆ ಮಾತ್ರ ಸರಿ. ರಕ್ತನಾಳ ಜೀವವಿಲ್ಲದ ಕೊಳವೆಯಲ್ಲ. ಅದರ ಒಳಪೊರೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸಿ ನಾಳವನ್ನು ಸಡಿಲಿಸುತ್ತದೆ. ಬಾಲಕನೊಬ್ಬನು ಲೆಕ್ಕ ಬಿಡಿಸುವಾಗ ಮಿದುಳಿನ ಯಾವ ಭಾಗ ದುಡಿಯುವುದೋ ಅಲ್ಲಿಯ ನಾಳಗಳು ಹಿಗ್ಗಿ ಹೆಚ್ಚು ರಕ್ತವನ್ನು ಒದಗಿಸುತ್ತವೆ. ಸಕ್ಕರೆ ವರ್ಷಗಟ್ಟಲೆ ಮಿತಿಮೀರಿದ್ದರೆ ಆ ಪೊರೆ ಕೆಡುತ್ತದೆ, ಅನಿಲ ಕಡಮೆಯಾಗುತ್ತದೆ, ನಾಳ ಬಿರುಸಾಗುತ್ತದೆ. ಬೇಡಿಕೆ ಬಂದಾಗ ಅದು ಹಿಗ್ಗಲಾರದು. ಸಣ್ಣ ನಾಳ ಮುಚ್ಚಿದಲ್ಲಿ ಮಿದುಳಿನ ಸಣ್ಣ ಚೂರು ನೋವಿಲ್ಲದೆ ಸಾಯುತ್ತದೆ. ಇಂತಹ ಚೂರುಗಳು ಹೆಚ್ಚಿದಂತೆ ಮರೆವು ಬರುತ್ತದೆ, ನಡೆ ನಿಧಾನವಾಗುತ್ತದೆ. ಅಜ್ಜನಿಗೆ ವಯಸ್ಸಾಯಿತೆಂದು ನಾವು ಸುಮ್ಮನಾಗುತ್ತೇವೆ. ದೊಡ್ಡ ಧಮನಿಯಲ್ಲಿ ಕೊಬ್ಬು ಕಟ್ಟಿ, ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ ಅದೇ ಪಾರ್ಶ್ವವಾಯು, ಜನರ ಬಾಯಲ್ಲಿ ಲಕ್ವ. ರಕ್ತದೊತ್ತಡವೂ ಬೀಡಿಯೂ ಜೊತೆಗೂಡಿದರೆ ಅಪಾಯ ಇನ್ನೂ ಹೆಚ್ಚು.

ರಾಗಿಮುದ್ದೆ ಉಂಡವರಿಗೆ ಭಯವಿಲ್ಲವೆಂದು ಕೆಲವರ ನಂಬಿಕೆ. ರಾಗಿ ಒಳ್ಳೆಯ ಧಾನ್ಯವೇ. ಆದರೂ ಅದರ ಹಿಟ್ಟು ಹೊಟ್ಟೆಯೊಳಗೆ ಸಕ್ಕರೆಯೇ ಆಗುವುದು. ಮುದ್ದೆಯ ಗಾತ್ರಕ್ಕೂ ಮಿತಿ ಬೇಕು.

ಲಕ್ವ ಹೊಡೆದಾಗ ಎಣ್ಣೆ ತಿಕ್ಕಿ, ದಾರ ಕಟ್ಟಿ, ಬೆಳಗಾಗಲೆಂದು ಕಾಯುವ ರೂಢಿಯನ್ನು ನಾವು ಒಪ್ಪುವುದಿಲ್ಲ. ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮುಂಚೆ ತಲೆಯ ಸ್ಕ್ಯಾನ್ ಆಗಬೇಕು. ಸತ್ಯಮಂಗಲದ ಕಡೆಗೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು; ಇತ್ತ ಚಾಮರಾಜನಗರದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ರಾಜ್ಯದ ಗಡಿಯನ್ನು ಮಿದುಳು ಅರಿಯದು. ಎಲ್ಲಿಗೆ ಒಯ್ದರೆ ಬೇಗ ಸ್ಕ್ಯಾನ್ ಆಗಿ ಔಷಧ ದೊರೆಯುವುದೆಂಬುದನ್ನು ಪ್ರತಿಯೊಂದು ಮನೆಯವರೂ ಈಗಲೇ ವಿಚಾರಿಸಿಟ್ಟುಕೊಳ್ಳಲಿ.

ವಿದ್ಯಾರ್ಥಿಗಳೇ, ಈ ಕೆಲಸ ನಿಮ್ಮದು. ಮನೆಯ ಹಿರಿಯರ ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಎತ್ತಿದ ಎರಡು ಕೈಗಳಲ್ಲಿ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ, ಒಡನೆ ಗಡಿಯಾರವನ್ನು ನೋಡಿ ಹೊತ್ತನ್ನು ಬರೆದಿಡಿರಿ; 108ಕ್ಕೆ ಫೋನು ಮಾಡಿಸಿರಿ. ಅವರು ನುಂಗುವ ಮಾತ್ರೆಗಳ ಹೆಸರು ತಮಿಳಿನಲ್ಲಿದ್ದರೂ ಇಂಗ್ಲಿಷಿನಲ್ಲಿದ್ದರೂ ಓದಬಲ್ಲವರು ಮನೆಯಲ್ಲಿ ಅನೇಕ ವೇಳೆ ನೀವೇ. ಆ ಚೀಟಿಯನ್ನು ಕೈಯಲ್ಲಿ ಹಿಡಿದೇ ಹೊರಡಿರಿ. ಸಕ್ಕರೆ ಅತಿಯಾಗಿ ಇಳಿದಾಗಲೂ ಇಂತಹ ಚಿಹ್ನೆಗಳೇ ತೋರಬಹುದು. ಆದುದರಿಂದ ರೋಗಿಗೆ ಸಕ್ಕರೆ ಕಾಯಿಲೆಯಿದೆಯೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿರಿ. ಎಚ್ಚರ ತಪ್ಪಿದವರ ಬಾಯಿಗೆ ನೀರನ್ನಾಗಲಿ ಹಾಲನ್ನಾಗಲಿ ಹೊಯ್ಯಬೇಡಿರಿ.